ಡಿಶ್ ಕೇಬಲ್‌ನಲ್ಲೂ ಕರೆಂಟು ಹರಿಯುತ್ತದೆ: ಮನೆಯ ಸೆಟ್‌ಟಾಪ್ ಬಾಕ್ಸ್, ಎಲ್‌ಎನ್‌ಬಿ ಮತ್ತು ಅರ್ಥಿಂಗ್

ತಾರಸಿ ಮೇಲಿನ ಡಿಶ್‌ಗೆ ಬೇರೆ ಪವರ್ ವೈರ್ ಎಳೆದಿರುವುದಿಲ್ಲ. ಆದರೆ ಅದರ ಮುಂದೆ ಕೈ ಚಾಚಿ ಕೂತಿರುವ ಎಲ್‌ಎನ್‌ಬಿ, ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ಪುಟ್ಟ ಪೆಟ್ಟಿಗೆ, ಕರೆಂಟಿಲ್ಲದೆ ನಡೆಯುವುದಿಲ್ಲ. ಸಿಗ್ನಲ್ ಯಾವ ಕೇಬಲ್‌ನಲ್ಲಿ ಕೆಳಗಿಳಿದು ಬರುತ್ತದೋ ಅದೇ ಕೇಬಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್ ಕರೆಂಟನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಡಿಡಿ ಫ್ರೀ ಡಿಶ್ ಆಗಲಿ, ತಿಂಗಳ ದುಡ್ಡು ಕಟ್ಟುವ ಕಂಪನಿಯದ್ದಾಗಲಿ, ಏರ್ಪಾಡು ಒಂದೇ. ಸಿಗ್ನಲ್ ಹೋಯಿತು ಎಂದು ಡಿಶ್ ತಿರುಗಿಸುತ್ತಾ ಕೂರುವವರಲ್ಲಿ ಎಷ್ಟೋ ಜನರ ನಿಜವಾದ ತೊಂದರೆ ಈ ಕರೆಂಟಿನದ್ದು: ಸೊರಗಿದ ಅಡಾಪ್ಟರ್, ಕಿಲುಬು ಹಿಡಿದ ಕನೆಕ್ಟರ್, ಇಲ್ಲದ ಅರ್ಥಿಂಗ್. ಇವುಗಳಲ್ಲಿ ಕೊನೆಯದು ಚಾನೆಲ್ ಕಳೆಯುವುದಕ್ಕೆ ನಿಲ್ಲುವುದಿಲ್ಲ, ಜೀವಕ್ಕೂ ಅಪಾಯ ತರುತ್ತದೆ.

ಮೊದಲು ವೋಲ್ಟೇಜ್ ಲೆಕ್ಕ. ಉಪಗ್ರಹದ ಸಿಗ್ನಲ್ ಎರಡು ಬಗೆ: ಅಲೆ ನಿಲುವಾಗಿ ಆಡುವ ವರ್ಟಿಕಲ್, ಅಡ್ಡಲಾಗಿ ಆಡುವ ಹಾರಿಜಾಂಟಲ್. ಕೆಯು ಬ್ಯಾಂಡ್‌ನ (ಮನೆಯ ಸಣ್ಣ ಡಿಶ್‌ಗಳ ತರಂಗಪಟ್ಟಿಯ) ಯೂನಿವರ್ಸಲ್ ಎಲ್‌ಎನ್‌ಬಿಗೆ ಬಾಕ್ಸ್ 13 ವೋಲ್ಟ್ ಕೊಟ್ಟರೆ ಅದು ವರ್ಟಿಕಲ್ ಸಿಗ್ನಲ್ ಹಿಡಿಯುತ್ತದೆ, 18 ವೋಲ್ಟ್ ಕೊಟ್ಟರೆ ಹಾರಿಜಾಂಟಲ್. ಇದರ ಮೇಲೆ 22 ಕಿಲೋಹರ್ಟ್ಸ್‌ನ ಸಣ್ಣ ಟೋನ್ ಸೇರಿಸಿದರೆ 11.7 ಗಿಗಾಹರ್ಟ್ಸ್‌ಗಿಂತ ಮೇಲಿನ ಬ್ಯಾಂಡ್‌ಗೆ ಹೊರಳುತ್ತದೆ. ಅಂದರೆ ಈ ವೋಲ್ಟೇಜ್ ಎಲ್‌ಎನ್‌ಬಿಗೆ ಊಟವೂ ಹೌದು, ಆಜ್ಞೆಯೂ ಹೌದು. ಎಲ್‌ಎನ್‌ಬಿ ತನ್ನ ಬಾಗಿಲಲ್ಲಿ ಸುಮಾರು 14 ವೋಲ್ಟ್‌ವರೆಗೆ ಕಂಡದ್ದನ್ನು ವರ್ಟಿಕಲ್ ಎಂದು, 16ಕ್ಕಿಂತ ಹೆಚ್ಚು ಕಂಡದ್ದನ್ನು ಹಾರಿಜಾಂಟಲ್ ಎಂದು ಓದಿಕೊಳ್ಳುತ್ತದೆ. ನಡುವೆ ಬಿದ್ದರೆ ಏನು ಮಾಡುತ್ತದೆ ಎಂಬ ಭರವಸೆಯಿಲ್ಲ. ಬಾಕ್ಸ್‌ನಿಂದ ಹೊರಟ 18 ವೋಲ್ಟ್ ದಾರಿಯಲ್ಲಿ ಸೋರಿ ಡಿಶ್ ತಲುಪುವಾಗ 15 ಆಗಿದ್ದರೆ, ವರ್ಟಿಕಲ್ ಚಾನೆಲ್‌ಗಳು ಬಂದು, ಹಾರಿಜಾಂಟಲ್‌ನವು ಮಾಯವಾಗಬಹುದು. ಇಂಥ ಅರ್ಧಂಬರ್ಧ ತೊಂದರೆ ಕಂಡಾಗ ಡಿಶ್ ಮುಟ್ಟಬೇಡಿ. ಡಿಶ್ ಸರಿದಿದ್ದರೆ ಸಾಮಾನ್ಯವಾಗಿ ಎರಡೂ ಬಗೆಯ ಚಾನೆಲ್‌ಗಳ ಸಿಗ್ನಲ್ ಒಟ್ಟಿಗೆ ಇಳಿಯುತ್ತದೆ.

ದಾರಿಯಲ್ಲಿ ಸೋರುವುದು ಎಲ್ಲಿ? ಪೇಟೆಯಲ್ಲಿ ಸಿಗುವ ಆರ್‌ಜಿ6 (ಡಿಶ್‌ಗೆ ಎಳೆಯುವ) ಕೇಬಲ್‌ಗಳಲ್ಲಿ ಬಹುಪಾಲಿಗೆ ಒಳತಂತಿ ಪೂರ್ತಿ ತಾಮ್ರದ್ದಲ್ಲ. ಉಕ್ಕಿನ ಮೇಲೆ ತಾಮ್ರದ ಲೇಪ. ಸಿಗ್ನಲ್ ತಂತಿಯ ಹೊರಮೈಯಲ್ಲೇ ಓಡುವುದರಿಂದ ಅದಕ್ಕೆ ವ್ಯತ್ಯಾಸವಾಗುವುದಿಲ್ಲ. ಬಾಕ್ಸ್ ಕಳಿಸುವ ಡಿಸಿ ಕರೆಂಟು ಮಾತ್ರ ಇಡೀ ತಂತಿಯಲ್ಲಿ ಹರಿಯುತ್ತದೆ, ಅದಕ್ಕೆ ಉಕ್ಕು ಅಡ್ಡಿ. 1.02 ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 21 ಓಮ್. ಲೇಪದ ತಂತಿಗೆ ಹತ್ತಿರಹತ್ತಿರ 100 ಓಮ್. 30 ಮೀಟರ್ ಲೇಪದ ಕೇಬಲ್ ಎಂದರೆ ಒಳತಂತಿಗೆ 3 ಓಮ್, ವಾಪಸ್ ಬರುವ ಹೊರ ಜಾಲರಿಗೆ ಒಂದು ಓಮ್ ಎಂದಿಟ್ಟುಕೊಳ್ಳಿ. ಎಲ್‌ಎನ್‌ಬಿ 200 ಮಿಲಿಆಂಪ್ ಎಳೆದರೆ 0.8 ವೋಲ್ಟ್ ಹೋಯಿತು, ಪರವಾಗಿಲ್ಲ. ಆದರೆ ಕೇಬಲ್ 60 ಮೀಟರ್ ಆಗಿ, ನಡುವೆ ಡೈಸೆಕ್ ಸ್ವಿಚ್ಚು (ಹಲವು ಎಲ್‌ಎನ್‌ಬಿಗಳನ್ನು ಒಂದೇ ಕೇಬಲ್‌ಗೆ ಕೂಡಿಸುವಂಥದ್ದು), ಡಿಶ್ ತಿರುಗಿಸುವ ಮೋಟರ್ ಸೇರಿ 500 ಮಿಲಿಆಂಪ್ ಆದರೆ 4 ವೋಲ್ಟ್ ಕುಸಿತ. 18 ಇದ್ದದ್ದು 14 ಆಯಿತು. ಹಳೇ ಮನೆಯ ಮೂರನೇ ಮಹಡಿಯಿಂದ ನೆಲಮಹಡಿಯ ಹಿಂದಿನ ಕೋಣೆಗೆ ಕೇಬಲ್ ಎಳೆದಾಗ ಇಷ್ಟು ಉದ್ದವಾಗುವುದು ಅಪರೂಪವೇನಲ್ಲ. ಅಂಥ ಕಡೆ ಪೂರ್ತಿ ತಾಮ್ರದ ಕೇಬಲ್‌ಗೆ ದುಡ್ಡು ಹಾಕುವುದೇ ಸರಿ. ಕೊಳ್ಳುವಾಗ ಅಂಗಡಿಯಲ್ಲೇ ಒಳತಂತಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರುವುದು ಉಕ್ಕು.

ಮಲ್ಟಿಮೀಟರ್ ಇದ್ದವರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆದರೆ ಡಿಶ್ ಕಡೆಯ ಕೇಬಲ್ ತುದಿಗೆ ಮೀಟರ್ ಹಿಡಿದು 18 ಬಂತು ಎಂದು ಖುಷಿಪಡಬೇಡಿ. ಕರೆಂಟು ಎಳೆಯುವವರೇ ಇಲ್ಲದಿದ್ದರೆ ಕೆಟ್ಟ ಕೇಬಲ್ ಕೂಡ 18 ತೋರಿಸುತ್ತದೆ. 100 ಓಮ್, 5 ವ್ಯಾಟ್‌ನ ಸೆರಾಮಿಕ್ ರೆಸಿಸ್ಟರ್ ಒಂದನ್ನು ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಿಂದ ತನ್ನಿ, ಕೆಲವೇ ರೂಪಾಯಿ. ಹಾರಿಜಾಂಟಲ್ ಚಾನೆಲ್ ಹಾಕಿ, ಬಾಕ್ಸನ್ನು ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಿ. ಮೇಲೆ ಎಲ್‌ಎನ್‌ಬಿ ಬಿಚ್ಚಿ, ಕೇಬಲ್‌ನ ಒಳತಂತಿಗೂ ಹೊರ ಜಾಲರಿಗೂ ನಡುವೆ ರೆಸಿಸ್ಟರ್ ಸಿಕ್ಕಿಸಿ, ಕೆಳಗೆ ಯಾರಾದರೂ ಆನ್ ಮಾಡಲಿ. 180 ಮಿಲಿಆಂಪ್ ಹತ್ತಿರ ಕರೆಂಟು ಹರಿಯುತ್ತದೆ. ಈಗ ರೆಸಿಸ್ಟರ್‌ನ ಎರಡೂ ತುದಿಗೆ ಮೀಟರ್ ಹಿಡಿಯಿರಿ. 17ರ ಮೇಲೆ ಬಂದರೆ ಕೇಬಲ್ಲೂ ಬಾಕ್ಸೂ ಗಟ್ಟಿ, 16ರ ಕೆಳಗೆ ಬಂದರೆ ಎಲ್ಲೋ ತಿನ್ನುತ್ತಿದೆ. ರೆಸಿಸ್ಟರ್ 3 ವ್ಯಾಟ್‌ನಷ್ಟು ಬಿಸಿಯಾಗುತ್ತದೆ, ಕೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಹಿಡಿಯಿರಿ. ಇದೇ ಪರೀಕ್ಷೆಯನ್ನು ಬಾಕ್ಸ್‌ನ ಹಿಂಭಾಗದಲ್ಲೇ ಗೇಣುದ್ದದ ಕೇಬಲ್ ಹಾಕಿ ಮಾಡಿದರೆ ತಪ್ಪು ಬಾಕ್ಸ್‌ನದ್ದೋ ಕೇಬಲ್‌ನದ್ದೋ ತೀರ್ಮಾನವಾಗುತ್ತದೆ.

ಅಡಾಪ್ಟರ್

ಈಗಿನ ಬಾಕ್ಸ್‌ಗಳಲ್ಲಿ ಹೆಚ್ಚಿನವು 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುತ್ತವೆ. 18 ವೋಲ್ಟ್ ಎಲ್ಲಿಂದ ಬಂತು ಎಂದರೆ, ಬಾಕ್ಸ್‌ನ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಬೆಲೆ ತೆರುವುದು ಅಡಾಪ್ಟರ್. 18 ವೋಲ್ಟ್‌ನಲ್ಲಿ 300 ಮಿಲಿಆಂಪ್ ಅಂದರೆ 5.4 ವ್ಯಾಟ್, ನಡುವಿನ ನಷ್ಟ ಸೇರಿಸಿದರೆ 12 ವೋಲ್ಟ್ ಕಡೆಯಿಂದ ಅರ್ಧ ಆಂಪ್‌ಗೂ ಸ್ವಲ್ಪ ಹೆಚ್ಚು. ಇದು ಬಾಕ್ಸ್‌ನ ಸ್ವಂತ ಖರ್ಚಿನ ಮೇಲಿನ ಹೊರೆ. ಹಾಗಾಗಿ 12 ವೋಲ್ಟ್ 1.5 ಆಂಪ್ ಎಂದು ಬರೆದಿರುವ ಬಾಕ್ಸ್‌ಗೆ ಹಳೇ ಮೋಡೆಮ್‌ನ 12 ವೋಲ್ಟ್ 0.5 ಆಂಪ್ ಅಡಾಪ್ಟರ್ ಸಿಕ್ಕಿಸಿದರೆ ಪರದೆ ಮೇಲೆ ಮೆನು ಬರುತ್ತದೆ, ಚಾನೆಲ್ ಬದಲಿಸಿದ ಕ್ಷಣ ಬಾಕ್ಸ್ ಸತ್ತು ಹುಟ್ಟುತ್ತದೆ. ವೋಲ್ಟ್ ಒಂದೇ ಇರಬೇಕು. ಆಂಪ್ ಬರೆದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 2 ಆಂಪ್ ಅಡಾಪ್ಟರ್ ಹಾಕಿದರೆ ಬಾಕ್ಸ್ ಸುಡುತ್ತದೆ ಎಂಬ ಭಯ ಬೇಡ, ಅದು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ.

ಪಿನ್ನಿನ ವಿಷಯ ಬೇರೆ. 5.5 ಮಿಲಿಮೀಟರ್ ಹೊರಸುತ್ತಿನ ಪ್ಲಗ್‌ಗಳಲ್ಲಿ ಒಳರಂಧ್ರ 2.1 ಮತ್ತು 2.5 ಎಂದು ಎರಡು ಅಳತೆ. 2.5ರ ಪ್ಲಗ್ 2.1ರ ಸಾಕೆಟ್‌ನಲ್ಲಿ ಹೋಗುತ್ತದೆ, ಆದರೆ ಸಡಿಲ. ಟಿವಿ ಹಿಂದೆ ಧೂಳು ಒರೆಸಿದಾಗಲೆಲ್ಲ ಬಾಕ್ಸ್ ರೀಸ್ಟಾರ್ಟ್ ಆಗುವುದು ಇದರಿಂದಲೇ, ಸಾಕೆಟ್ ಕಪ್ಪಗಾಗುವುದೂ ಇದರಿಂದಲೇ. ನಡುವಿನ ಪಿನ್ ಪಾಸಿಟಿವ್ ಹೌದೋ ಅಲ್ಲವೋ ಎಂಬುದನ್ನು ಎರಡರ ಮೇಲೂ ಇರುವ ಚಿತ್ರ ನೋಡಿ ಹೊಂದಿಸಿ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲಿ. ಗುರುತಿಲ್ಲದ ಅಗ್ಗದ ಅಡಾಪ್ಟರ್‌ಗಳಲ್ಲಿ 230 ವೋಲ್ಟ್ ಭಾಗಕ್ಕೂ 12 ವೋಲ್ಟ್ ಭಾಗಕ್ಕೂ ಇರಬೇಕಾದ ಅಂತರವನ್ನೇ ಬಿಟ್ಟಿರುವುದಿಲ್ಲ. ಒಳಗೆ ಆ ಗಡಿ ಮುರಿದರೆ ಮೇನ್ಸ್ ವೋಲ್ಟೇಜ್ ನೇರವಾಗಿ ಕೇಬಲ್‌ನ ಜಾಲರಿಗೆ, ಅಲ್ಲಿಂದ ತಾರಸಿಯ ಡಿಶ್‌ಗೆ ಹೋಗುತ್ತದೆ. ಪಕ್ಕದಲ್ಲೇ ಬಟ್ಟೆ ಒಣಹಾಕುವ ತಂತಿ ಕಟ್ಟಿರುತ್ತೇವೆ. ನೂರು ರೂಪಾಯಿ ಉಳಿಸುವ ಜಾಗ ಇದಲ್ಲ.

ವಯಸ್ಸಾದ ಅಡಾಪ್ಟರ್ ಒಮ್ಮೆಲೇ ಸಾಯುವುದಿಲ್ಲ. ಒಳಗಿನ ಕೆಪಾಸಿಟರ್ ಉಬ್ಬಿ ಒಣಗುತ್ತಾ ಬಂದಂತೆ ಬೆಳಗ್ಗೆ ಆನ್ ಮಾಡಿದಾಗ ಬಾಕ್ಸ್ ನಾಲ್ಕೈದು ಸಲ ರೀಸ್ಟಾರ್ಟ್ ಆಗಿ ಆಮೇಲೆ ನಿಲ್ಲುತ್ತದೆ, ಅಥವಾ ಹಾರಿಜಾಂಟಲ್ ಚಾನೆಲ್‌ಗೆ ಹೋದಾಗ ಮಾತ್ರ ಕೈಕೊಡುತ್ತದೆ. ಬಾಕ್ಸ್ ಎಸೆಯುವ ಮುಂಚೆ ಒಳ್ಳೆಯ ಅಡಾಪ್ಟರ್ ಒಂದನ್ನು ಹಾಕಿ ನೋಡಿ.

ಎಫ್ ಕನೆಕ್ಟರ್, ಸ್ಪ್ಲಿಟರ್

ಕೇಬಲ್ ತುದಿಯ ಎಫ್ ಕನೆಕ್ಟರ್ ಹಾಕುವಾಗ ಜಾಲರಿಯ ಕೂದಲೆಳೆಯಂಥ ಒಂದು ತಂತಿ ಒಳತಂತಿಗೆ ತಾಗಿದರೂ ಶಾರ್ಟ್. ಒಳ್ಳೆಯ ಬಾಕ್ಸ್‌ಗಳು ಶಾರ್ಟ್ ಆಗಿದೆ ಎಂದು ತೆರೆಯ ಮೇಲೆ ತೋರಿಸಿ ಕರೆಂಟು ನಿಲ್ಲಿಸುತ್ತವೆ. ಅಗ್ಗದವುಗಳಲ್ಲಿ ಎಲ್‌ಎನ್‌ಬಿಗೆ ಕರೆಂಟು ಕೊಡುವ ಭಾಗವೇ ಸುಟ್ಟುಹೋಗುತ್ತದೆ, ಆಮೇಲೆ ಬಾಕ್ಸ್ ಆನ್ ಆಗುತ್ತದೆ, ಸಿಗ್ನಲ್ ಮಾತ್ರ ಸೊನ್ನೆ. ಹೊರಕವಚ ಸುಲಿದು ಜಾಲರಿಯನ್ನು ಹಿಂದಕ್ಕೆ ಮಡಚಿ, ಬಿಳಿ ಫೋಮನ್ನು ಕನೆಕ್ಟರ್‌ನ ಒಳ ಅಂಚಿಗೆ ಸಮವಾಗಿ ಕತ್ತರಿಸಿ, ಒಳತಂತಿ ಕನೆಕ್ಟರ್‌ನ ಬಾಯಿಯಿಂದ 2–3 ಮಿಲಿಮೀಟರ್ ಮಾತ್ರ ಹೊರಗಿರುವಂತೆ ನೋಡಿಕೊಳ್ಳಿ. ಬ್ಲೇಡ್ ತಾಗಿ ತಾಮ್ರದ ಲೇಪ ಗೀಚಿದರೆ ಅಲ್ಲಿಂದಲೇ ತುಕ್ಕು ಶುರು. ತಿರುಗಿಸಿ ಹಾಕುವ ಕನೆಕ್ಟರ್ ಒಳಗಿನ ಜಾಗಕ್ಕೆ ಸಾಕು, ತಾರಸಿಗೆ ಟೂಲ್‌ನಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿಸಿ. ಹಾಕಿದ ಮೇಲೆ ಎರಡೂ ತುದಿ ಬಿಚ್ಚಿರುವಾಗ ಒಳತಂತಿಗೂ ಜಾಲರಿಗೂ ನಡುವೆ ಮೀಟರ್ ಬೀಪ್ ಆಗಬಾರದು.

ಕೇಬಲ್ ಬಿಚ್ಚುವಾಗ, ಹಾಕುವಾಗ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಸ್ಟ್ಯಾಂಡ್‌ಬೈನಲ್ಲಿ ಬಾಕ್ಸ್ ಎಲ್‌ಎನ್‌ಬಿಗೆ ಕರೆಂಟು ಕೊಡುತ್ತಲೇ ಇರಬಹುದು. ಗೋಡೆಯ ಸ್ವಿಚ್ ಆಫ್ ಮಾಡಿ, ಹತ್ತು ಸೆಕೆಂಡು ಬಿಟ್ಟು ಕೈ ಹಾಕಿ. ಸಿಗ್ನಲ್ ಫೈಂಡರ್ ಮೀಟರ್ ನಡುವೆ ಸೇರಿಸುವಾಗಲೂ ಇದೇ ಕ್ರಮ.

ಮಳೆನೀರಿನ ಮಾತು ಇಲ್ಲೇ ಹೇಳಬೇಕು. ಬರೀ ಸಿಗ್ನಲ್ ಹೋಗುವ ಕನೆಕ್ಟರ್‌ಗೆ ನೀರು ಹೊಕ್ಕರೆ ಅದು ನಿಧಾನಕ್ಕೆ ಕೆಡುತ್ತದೆ. ಡಿಸಿ ಇರುವ ಕನೆಕ್ಟರ್‌ಗೆ ನೀರು ಹೊಕ್ಕರೆ ಒಳತಂತಿ ಪಾಸಿಟಿವ್, ಸುತ್ತಲಿನ ಲೋಹ ನೆಗೆಟಿವ್ ಆಗಿ ಎಲೆಕ್ಟ್ರೊಲಿಸಿಸ್ ನಡೆದು ತಾಮ್ರ ಕರಗತೊಡಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಒಂದೇ ಮಳೆಗಾಲದಲ್ಲಿ ಒಳತಂತಿ ಹಸಿರು ಪುಡಿಯಾಗಿ ಸೂಜಿಯಂತೆ ಸವೆದು ನಿಂತಿರುತ್ತದೆ. ಕನೆಕ್ಟರ್ ಕೆಳಮುಖವಾಗಿರಲಿ, ಅದಕ್ಕೆ ಮುಂಚೆ ಕೇಬಲ್ ಒಂದು ಸುತ್ತು ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸಾಮಾನ್ಯ ಇನ್ಸುಲೇಷನ್ ಟೇಪ್ ಬೇಸಿಗೆಯ ಬಿಸಿಲಿಗೆ ಬಿಚ್ಚಿಕೊಂಡು ನೀರನ್ನು ಒಳಗೇ ಹಿಡಿದಿಡುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಬೇಕಾದರೆ ಇನ್ಸುಲೇಷನ್ ಟೇಪ್ ಹಾಕಿ.

ಒಂದು ಎಲ್‌ಎನ್‌ಬಿಯಿಂದ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ನಡೆಸುವವರು ಸ್ಪ್ಲಿಟರ್ ಮೇಲೆ ಬರೆದಿರುವುದನ್ನು ಓದಬೇಕು. ಎರಡೂ ದಾರಿಯಲ್ಲಿ ಕರೆಂಟು ಬಿಡುವ, ಒಳಗೆ ಡಯೋಡ್ ಇಲ್ಲದ ಸ್ಪ್ಲಿಟರ್‌ನಲ್ಲಿ ಒಂದು ಬಾಕ್ಸ್‌ನ 18 ವೋಲ್ಟ್ ಇನ್ನೊಂದು ಬಾಕ್ಸ್‌ನ 13 ವೋಲ್ಟ್ ಬಾಯಿಗೆ ನುಗ್ಗುತ್ತದೆ. ಡಯೋಡ್ ಇದ್ದರೂ ಹೆಚ್ಚು ವೋಲ್ಟೇಜ್ ಕೊಟ್ಟವನದ್ದೇ ಆಜ್ಞೆ ನಡೆಯುತ್ತದೆ. ಒಬ್ಬರು ಹಾರಿಜಾಂಟಲ್ ಚಾನೆಲ್ ನೋಡುವಾಗ ಮತ್ತೊಬ್ಬರ ವರ್ಟಿಕಲ್ ಚಾನೆಲ್ ಹೋಗುತ್ತದೆ. ಎರಡು ಟಿವಿಗೆ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ, ಎರಡು ಕೇಬಲ್ ಎಳೆದುಬಿಡಿ. ಬೇರೆ ಉಪಾಯಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಡಿಶ್ ಮುಟ್ಟಿದರೆ ಜುಮ್ ಎನ್ನುವುದೇಕೆ

ಒದ್ದೆ ತಾರಸಿಯಲ್ಲಿ ಬರಿಗಾಲಲ್ಲಿ ನಿಂತು ಡಿಶ್ ಮುಟ್ಟಿದಾಗ, ಇಲ್ಲವೇ ಟಿವಿ ಹಿಂದೆ ಕೇಬಲ್ ಹಾಕುವಾಗ ಕೈ ಜುಮ್ಮೆನ್ನುವ ಅನುಭವ ಬಹಳ ಮನೆಗಳಲ್ಲಿದೆ. ಎರಡು ಪಿನ್ನಿನ ಅಡಾಪ್ಟರ್ ಒಳಗೆ ಮೇನ್ಸ್ ಭಾಗಕ್ಕೂ 12 ವೋಲ್ಟ್ ಭಾಗಕ್ಕೂ ನಡುವೆ ಒಂದು ಪುಟ್ಟ ವೈ ಕೆಪಾಸಿಟರ್ ಇರುತ್ತದೆ, ಎಲೆಕ್ಟ್ರಾನಿಕ್ ಗದ್ದಲ ತಡೆಯಲು. ಅದರ ಮೂಲಕ ಬಾಕ್ಸ್‌ನ ಲೋಹದ ಭಾಗ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್‌ಗೆ ತೇಲುತ್ತಿರುತ್ತದೆ. ಕರೆಂಟು ಕಾಲು ಮಿಲಿಆಂಪ್‌ಗಿಂತ ಕಡಿಮೆ, ಒಂದೇ ಆದರೆ ಅಪಾಯವಿಲ್ಲ. ಆದರೆ ಟಿವಿ, ಬಾಕ್ಸ್, ಹೋಮ್ ಥಿಯೇಟರ್ ಎಲ್ಲ ಎಚ್‌ಡಿಎಂಐ ಕೇಬಲ್‌ನಲ್ಲಿ ಕೂಡಿಕೊಂಡಿರುವುದರಿಂದ ಅವುಗಳ ಸೋರಿಕೆ ಒಟ್ಟಾಗಿ ಡಿಶ್‌ವರೆಗೂ ಹೋಗುತ್ತದೆ. ಏಣಿಯ ಮೇಲಿರುವವರು ಬೆಚ್ಚಿ ಕೈಬಿಡಲು ಅಷ್ಟು ಸಾಕು. ಎಚ್‌ಡಿಎಂಐ ಪೋರ್ಟ್‌ಗಳು ಸಾಯುವುದಕ್ಕೂ ಒಂದು ಕಾರಣ ಇದೇ. ಎಲ್ಲ ಆಫ್ ಮಾಡಿಯೇ ಆ ಕೇಬಲ್ ಸಿಕ್ಕಿಸಬೇಕು.

ತೊಡಕೆಂದರೆ, ಈ ನಿರುಪದ್ರವಿ ಸೋರಿಕೆಗೂ ನಿಜವಾಗಿ ಇನ್ಸುಲೇಷನ್ ಮುರಿದದ್ದಕ್ಕೂ ನಿಯಾನ್ ಟೆಸ್ಟರ್ ಒಂದೇ ತರಹ ಹೊಳೆಯುತ್ತದೆ. ಎಲೆಕ್ಟ್ರಿಷಿಯನ್ ಬಳಿ ಹೀಗೆ ನೋಡಿಸಿ: ಡಿಶ್‌ಗೂ ಅರ್ಥ್‌ಗೂ ನಡುವೆ 47 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ಸೇರಿಸಿ ಅದರ ಮೇಲೆ ಎಸಿ ವೋಲ್ಟೇಜ್ ಅಳೆಯಬೇಕು. ಸೋರಿಕೆ ಮಾತ್ರ ಇದ್ದರೆ ನೂರರ ಹತ್ತಿರವಿದ್ದ ವೋಲ್ಟೇಜ್ ಹತ್ತಿಪ್ಪತ್ತಕ್ಕೆ ಇಳಿಯುತ್ತದೆ. 200ರ ಆಸುಪಾಸಿನಲ್ಲೇ ನಿಂತರೆ ಆ ಕ್ಷಣ ಮೇನ್ ಸ್ವಿಚ್ ಆಫ್ ಮಾಡಿ, ಒಂದೊಂದೇ ಉಪಕರಣದ ಪ್ಲಗ್ ಕಿತ್ತು ಯಾವುದರಿಂದ ಬರುತ್ತಿದೆ ಹುಡುಕಬೇಕು.

ಎರಡಕ್ಕೂ ಮದ್ದು ಅರ್ಥಿಂಗ್. ಕೇಬಲ್ ಮನೆ ಹೊಕ್ಕುವ ಜಾಗದಲ್ಲಿ ಗ್ರೌಂಡ್ ಬ್ಲಾಕ್ ಎಂಬ ಸಣ್ಣ ಲೋಹದ ಜೋಡಣೆ ಹಾಕಿ, ಅದರಿಂದ 4 ಚದರ ಮಿಲಿಮೀಟರ್ ತಾಮ್ರದ ಹಸಿರು ವೈರನ್ನು ಮನೆಯ ಅರ್ಥ್ ಬಾರ್‌ಗೆ ಕೂಡಿಸಬೇಕು. ಇದು ಐಇಸಿ 60728-11 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ಕನಿಷ್ಠ ಅಳತೆ. ತಾರಸಿಯಲ್ಲಿ ಎತ್ತರಕ್ಕೆ ನಿಂತ ಡಿಶ್ ಕಂಬಕ್ಕೆ ಅದೇ ಮಾನದಂಡದ ಪ್ರಕಾರ 16 ಚದರ ಮಿಲಿಮೀಟರ್ ತಾಮ್ರದ ವೈರ್ ನೆಲದವರೆಗೆ ಹೋಗಬೇಕು. ಚಾವಣಿ ಅಂಚಿಗಿಂತ 2 ಮೀಟರ್‌ಗೂ ಕೆಳಗೆ, ಗೋಡೆಯಿಂದ 1.5 ಮೀಟರ್ ಒಳಗೆ ಇರುವ ಬಾಲ್ಕನಿ ಡಿಶ್‌ಗೆ ಈ ಕಂಬದ ಅರ್ಥಿಂಗ್‌ನಿಂದ ವಿನಾಯಿತಿ ಇದೆ. ಜಾಗವಿದ್ದರೆ ಡಿಶ್ಶನ್ನು ಅಲ್ಲಿ ಹಾಕುವುದೇ ಒಳ್ಳೆಯದು.

ಡಿಶ್‌ಗೆಂದು ಬೇರೆ ಗುಂಡಿ ತೋಡಿ ರಾಡ್ ಹೊಡೆದು, ಮನೆಯ ಅರ್ಥ್‌ಗೆ ಕೂಡಿಸದೆ ಬಿಡುವ ಪದ್ಧತಿ ನಮ್ಮಲ್ಲಿದೆ. ಅದು ಅಪಾಯ. ಹತ್ತಿರ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ, ಅವೆರಡರ ನಡುವಿನ ಸೇತುವೆ ನಿಮ್ಮ ಬಾಕ್ಸ್ ಮತ್ತು ಟಿವಿ. ಎರಡು ಗುಂಡಿ ಇದ್ದರೆ ಎರಡನ್ನೂ ದಪ್ಪ ವೈರಿನಿಂದ ಸೇರಿಸಲೇಬೇಕು. ನಲ್ಲಿ ಪೈಪಿಗೆ ಕಟ್ಟಬೇಡಿ, ನೆಲದೊಳಗೆ ಹೋದಮೇಲೆ ಅದು ಪಿವಿಸಿ. ನ್ಯೂಟ್ರಲ್‌ಗಂತೂ ಎಂದೂ ಬೇಡ. ಫೇಸು ಮತ್ತು ಅರ್ಥ್ ನಡುವೆ ಬಲ್ಬ್ ಹಿಡಿದು ಅರ್ಥಿಂಗ್ ನೋಡುವ ಅಭ್ಯಾಸವನ್ನೂ ಬಿಡಿ. ಅರ್ಥ್ ಕೆಟ್ಟಿದ್ದರೆ ಆ ಬಲ್ಬಿನ ಮೂಲಕ ಮನೆಯ ಫ್ರಿಜ್, ಗೀಸರ್, ಡಿಶ್ ಎಲ್ಲದರ ಮೈಗೂ ಫೇಸು ಹತ್ತುತ್ತದೆ.

ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಸಿಡಿಲಿನ ಕಾಟ ಹೆಚ್ಚು. ಎಲ್ಲರೂ ಪ್ಲಗ್ ಕೀಳುತ್ತಾರೆ, ಡಿಶ್ ಕೇಬಲ್ ಹಾಗೇ ಬಿಡುತ್ತಾರೆ. ಎರಡೂ ಬಿಚ್ಚಬೇಕು. ಬಿಚ್ಚಿದ ಕೇಬಲ್ ತುದಿ ಟಿವಿಯಿಂದ ದೂರವಿರಲಿ. ಮೋಡ ಕಟ್ಟುವಾಗಲೇ ಈ ಕೆಲಸ ಮುಗಿಯಲಿ. ಗುಡುಗು ಕೇಳಿಸಿದ ಮೇಲೆ ಕೇಬಲ್ ಮುಟ್ಟುವುದು ಬೇಡ. ಎಫ್ ಕನೆಕ್ಟರ್ ಇರುವ ಗ್ಯಾಸ್ ಟ್ಯೂಬ್ ಸರ್ಜ್ ಅರೆಸ್ಟರ್ ಹಾಕಿದರೆ ದೂರದ ಸಿಡಿಲಿನಿಂದ ಕೇಬಲ್‌ನಲ್ಲಿ ಏಳುವ ಹೊಡೆತವನ್ನು ಅರ್ಥ್‌ಗೆ ಬಿಡುತ್ತದೆ. ಡಿಸಿ ದಾಟಲು ಬಿಡುವ, 2150 ಮೆಗಾಹರ್ಟ್ಸ್‌ವರೆಗೆ ನಡೆಯುವ ಅರೆಸ್ಟರ್ ಕೇಳಿ. ಅರ್ಥ್ ವೈರ್ ಇಲ್ಲದೆ ಅದು ಬರೀ ಜಾಯಿಂಟ್. ನೇರವಾಗಿ ಬಡಿದ ಸಿಡಿಲನ್ನು ಅದೂ ತಡೆಯುವುದಿಲ್ಲ.

ಕರೆಂಟು ಹೋದಾಗ

ಮನೆಯ ಇನ್ವರ್ಟರ್‌ನಲ್ಲಿ ಬಾಕ್ಸ್ ನಡೆಯುತ್ತದೆ, ಕರೆಂಟು ಹೋದ ಕ್ಷಣ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಬದಲಾಗುವ ಸಮಯ ಕಡಿಮೆಯಾಗಿ ಆ ತೊಂದರೆ ತಪ್ಪುತ್ತದೆ. ಜೊತೆಗೆ ಲೈನಿನ ವೋಲ್ಟೇಜ್ ತೀರಾ ಏರಿದಾಗ, ಇಳಿದಾಗ ಬೇಗ ಬ್ಯಾಟರಿಗೆ ಹೊರಳುತ್ತದೆ. ನ್ಯೂಟ್ರಲ್ ಕಿತ್ತಾಗ 230ರ ಬದಲು 350, 400 ವೋಲ್ಟ್ ನುಗ್ಗುವ ಹಳ್ಳಿ ಲೈನುಗಳಲ್ಲಿ, ತೋಟದ ಮನೆಗಳಲ್ಲಿ ಇನ್ವರ್ಟರ್ ಇದ್ದರೂ ಇಲ್ಲದಿದ್ದರೂ 260 ವೋಲ್ಟ್ ದಾಟಿದರೆ ಕಡಿಯುವ ವೋಲ್ಟೇಜ್ ಪ್ರೊಟೆಕ್ಟರ್ ಮೇನ್‌ನಲ್ಲೇ ಇರಲಿ. ಅಡಾಪ್ಟರ್ 240 ಎಂದು ಬರೆದುಕೊಂಡಿರುತ್ತದೆ, 400 ತಾಳುವುದಿಲ್ಲ.

ಸೋಲಾರ್ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡುವ ಯೋಚನೆ ಒಳ್ಳೆಯದು, ನಷ್ಟ ಕಡಿಮೆ. ಆದರೆ 12 ವೋಲ್ಟ್ ಬ್ಯಾಟರಿ ಎಂದರೆ ಬರಿದಾದಾಗ 10.5, ಚಾರ್ಜ್ ಆಗುವಾಗ 14.4. ಬಾಕ್ಸ್‌ನ ಒಳಗಿನ ಕೆಪಾಸಿಟರ್‌ಗಳು ಹಲವು ಸಲ 16 ವೋಲ್ಟ್‌ನವು, ದಿನವೂ 14.4ರಲ್ಲಿ ದುಡಿಸಿದರೆ ಆಯುಸ್ಸು ಕರಗುತ್ತದೆ. ಏರಿಸುವುದೂ ಇಳಿಸುವುದೂ ಬಲ್ಲ, 12 ವೋಲ್ಟ್ 2 ಆಂಪ್ ಸ್ಥಿರವಾಗಿ ಕೊಡುವ ಡಿಸಿ ಕನ್ವರ್ಟರ್ ನಡುವೆ ಹಾಕಿ. ಸೋಲಾರ್ ಪ್ಯಾನೆಲ್‌ಗೆ ನೇರ ಕೂಡಿಸುವುದಂತೂ ಬೇಡವೇ ಬೇಡ: 12 ವೋಲ್ಟ್ ಪ್ಯಾನೆಲ್ ಭಾರವಿಲ್ಲದಾಗ 21 ವೋಲ್ಟ್ ದಾಟುತ್ತದೆ. ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 3 ಆಂಪ್ ಫ್ಯೂಸ್ ಕಡ್ಡಾಯ. ಅಡಾಪ್ಟರ್ ಶಾರ್ಟ್ ಆದರೆ ತಾನೇ ನಿಲ್ಲುತ್ತದೆ. ಬ್ಯಾಟರಿ ನೂರಾರು ಆಂಪ್ ಸುರಿದು ವೈರನ್ನೇ ಉರಿಸುತ್ತದೆ. ಬ್ಯಾಟರಿ ಇರುವ ಮೂಲೆಯಿಂದ ಟಿವಿಗೆ 10 ಮೀಟರ್ ಇದ್ದರೆ 1.5 ಚದರ ಮಿಲಿಮೀಟರ್ ವೈರ್ ಹಾಕಿ. ಒಂದೂವರೆ ಆಂಪ್‌ಗೆ 0.36 ವೋಲ್ಟ್ ಅಷ್ಟೇ ಇಳಿಯುತ್ತದೆ. ಕನ್ವರ್ಟರ್ ಬ್ಯಾಟರಿ ಪಕ್ಕ ಬೇಡ, ಬಾಕ್ಸ್ ಪಕ್ಕದಲ್ಲಿರಲಿ, ಆಗ ಆ ಇಳಿಕೆಯನ್ನೂ ಅದೇ ಸರಿಪಡಿಸಿಕೊಳ್ಳುತ್ತದೆ.